ಟ್ಯೂರಿನ್ ಶವವಸ್ತ್ರದ ವಯಸ್ಸು ಮತ್ತು ಅದರ ಮೇಲಿನ ರೂಪ: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯೂರಿನ್ ಶವವಸ್ತ್ರ ಎಂದರೇನು?

ಇಟಲಿಯ ಟ್ಯೂರಿನ್ ನಗರದ ಪ್ರಧಾನಾಲಯದಲ್ಲಿ (ಕೆಥೆಡ್ರಲ್) ಕಾಪಾಡಿಕೊಂಡು ಬಂದಿರುವ ಉದ್ದನೆಯ ನಾರುಬಟ್ಟೆ. ಉದ್ದ ಸುಮಾರು 4.4 ಮೀಟರ್, ಅಗಲ ಸುಮಾರು 1.1 ಮೀಟರ್. ಅಗಸೆ ಗಿಡದ ನಾರಿನಿಂದ ನೂತದ್ದು. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಬಳಸುವ ಅಗಸೆ ಬೀಜವೂ ಇದೇ ಜಾತಿಯ ಗಿಡದ್ದು. ಬಟ್ಟೆಯ ಮೇಲೆ ಗಡ್ಡ ಮತ್ತು ಉದ್ದ ಕೂದಲಿರುವ ಗಂಡಸಿನ ರೂಪ ಮಸುಕಾದ ಕಂದು ಹಳದಿಯಲ್ಲಿ ಕಾಣುತ್ತದೆ. ಅರ್ಧಭಾಗದಲ್ಲಿ ದೇಹದ ಮುಂಭಾಗ, ಉಳಿದರ್ಧದಲ್ಲಿ ಬೆನ್ನಿನ ಭಾಗ, ಎರಡೂ ತಲೆಗೆ ತಲೆ ಸೇರಿಸಿದಂತೆ ಇವೆ. ಮಣಿಕಟ್ಟು, ಪಾದ, ಪಕ್ಕೆ, ಹಣೆಯ ಜಾಗಗಳಲ್ಲಿ ಕೆಂಪು ಕಲೆಗಳಿವೆ. ಶಿಲುಬೆಯಿಂದ ಇಳಿಸಿದ ಯೇಸು ಕ್ರಿಸ್ತನ ದೇಹವನ್ನು ಸುತ್ತಿದ ಬಟ್ಟೆ ಇದೇ ಎಂಬುದು ಅನೇಕ ಕ್ರೈಸ್ತ ಭಕ್ತರ ನಂಬಿಕೆ.

1578ರಿಂದ ಬಟ್ಟೆ ಟ್ಯೂರಿನ್‌ನಲ್ಲಿದೆ. ಅದಕ್ಕೂ ಮೊದಲು ಸವೋಯ್ ರಾಜಮನೆತನ ಅದನ್ನು ಫ್ರಾನ್ಸ್ ಕಡೆಯ ಶಾಂಬೇರಿಯಲ್ಲಿ ಇಟ್ಟುಕೊಂಡಿತ್ತು. 1983ರಲ್ಲಿ ಇಟಲಿಯ ಕೊನೆಯ ದೊರೆ ಎರಡನೇ ಉಂಬರ್ಟೊ ತೀರಿಕೊಂಡಾಗ ಉಯಿಲಿನ ಪ್ರಕಾರ ಅದು ಪೋಪರಿಗೆ ಸೇರಿತು.

ಇಷ್ಟು ವರ್ಷಗಳಿಂದ ವಾದ ಮುಗಿಯದಿರುವುದೇಕೆ?

ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುವುದೇ ಇದಕ್ಕೆ ಮುಖ್ಯ ಕಾರಣ. ಬಟ್ಟೆ ಎಷ್ಟು ಹಳೆಯದು ಎಂಬುದು ಒಂದು. ಅದರ ಮೇಲಿನ ರೂಪ ಹೇಗೆ ಮೂಡಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಳೆದು ಹೇಳಿದ ಉತ್ತರವಿದೆ. ಎರಡನೆಯದಕ್ಕೆ ಎಲ್ಲರೂ ಒಪ್ಪಿದ ಉತ್ತರ ಇನ್ನೂ ಇಲ್ಲ. ರೂಪದ ಗುಟ್ಟು ಬಿಡಿಸಲಾಗಿಲ್ಲ, ಆದ್ದರಿಂದ ವಯಸ್ಸಿನ ಲೆಕ್ಕವೂ ತಪ್ಪಿರಬೇಕು ಎನ್ನುವವರಿದ್ದಾರೆ. ವಯಸ್ಸು ಗೊತ್ತಾಯಿತು, ಇನ್ನು ರೂಪದಲ್ಲಿ ನೋಡುವಂಥದ್ದೇನೂ ಇಲ್ಲ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಕೆಳಗಿನ ಉತ್ತರಗಳನ್ನು ಓದುವಾಗ ಯಾವ ಸಾಕ್ಷ್ಯ ಯಾವ ಪ್ರಶ್ನೆಗೆ ಸೇರಿದ್ದು ಎಂಬುದನ್ನು ಗಮನಿಸುತ್ತ ಹೋಗಿ.

ಇದರ ಬಗ್ಗೆ ಮೊದಲ ಲಿಖಿತ ಸುಳಿವು ಯಾವ ಕಾಲದ್ದು?

ಹದಿನಾಲ್ಕನೇ ಶತಮಾನದ ನಡುಭಾಗದ್ದು. ಫ್ರಾನ್ಸಿನ ಲಿರೇ ಎಂಬ ಸಣ್ಣ ಊರಿನಲ್ಲಿ ಜೆಫ್ರಾಯ್ ದ ಶಾರ್ನಿ ಎಂಬ ಯೋಧ ಕಟ್ಟಿಸಿದ ಚರ್ಚಿನಲ್ಲಿ ಸುಮಾರು 1355ರಿಂದ ಬಟ್ಟೆಯ ಪ್ರದರ್ಶನ ನಡೆಯುತ್ತಿತ್ತು. 1389ರಲ್ಲಿ ಟ್ರ್ವಾ ಪ್ರಾಂತ್ಯದ ಬಿಷಪ್ ಪಿಯೇರ್ ದಾರ್ಸಿ, ರೋಮಿನ ಪೋಪ್‌ಗೆ ಪ್ರತಿಸ್ಪರ್ಧಿಯಾಗಿ ಅವಿನ್ಯೋನ್‌ನಲ್ಲಿದ್ದ ಪೋಪ್ ಏಳನೇ ಕ್ಲೆಮೆಂಟ್‌ಗೆ ದೂರು ಬರೆದ. ತನ್ನ ಹಿಂದಿನ ಬಿಷಪ್ ಹೆನ್ರಿ ದ ಪ್ವಾತಿಯೇ ವಿಚಾರಣೆ ನಡೆಸಿದ್ದ, ಇದು ಮನುಷ್ಯನ ಕೈಯ ಕೆಲಸವೆಂದು ಅದನ್ನು ಬರೆದ ಚಿತ್ರಕಾರನೇ ಒಪ್ಪಿಕೊಂಡಿದ್ದ ಎಂಬುದು ದೂರಿನ ಸಾರ. 1390ರಲ್ಲಿ ಕ್ಲೆಮೆಂಟ್ ಪ್ರದರ್ಶನಕ್ಕೆ ಒಪ್ಪಿಗೆ ಕೊಟ್ಟ. ಆದರೆ ಇದು ಯೇಸುವಿನ ನಿಜವಾದ ಶವವಸ್ತ್ರವಲ್ಲ, ಅದರ ಪ್ರತಿರೂಪ ಮಾತ್ರ ಎಂದು ಜನರಿಗೆ ಸಾರಿ ಹೇಳಬೇಕೆಂಬ ಷರತ್ತು ಹಾಕಿದ.

ಬಿಷಪ್ಪನ ದೂರು ನಮಗೆ ಕರಡು ರೂಪದಲ್ಲಿ ಸಿಕ್ಕಿದೆ, ಚಿತ್ರಕಾರನ ಹೆಸರು ಅದರಲ್ಲಿಲ್ಲ. ಹಾಗಾಗಿ ಅದೊಂದನ್ನೇ ನೆಚ್ಚಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಆದರೂ ಅದನ್ನು ಬದಿಗಿಡಲಾಗದು. ಏಕೆಂದರೆ ಆರುನೂರು ವರ್ಷಗಳ ನಂತರ, ಆ ಕಾಗದದ ಹಂಗೇ ಇಲ್ಲದ ಪ್ರಯೋಗಾಲಯಗಳು ಅಳೆದು ಹೇಳಿದ ಕಾಲವೂ ಅದರ ಆಸುಪಾಸಿನದೇ.

1988ರ ಇಂಗಾಲ ಪರೀಕ್ಷೆಗೆ ತುಣುಕು ತೆಗೆದದ್ದು ಹೇಗೆ?

ಸತ್ತ ಗಿಡದ ನಾರಿನಲ್ಲಿ ಇಂಗಾಲ-14 ಎಂಬ ಬಗೆಯ ಇಂಗಾಲ ನಿಧಾನವಾಗಿ ಕಡಿಮೆಯಾಗುತ್ತ ಹೋಗುತ್ತದೆ; ಉಳಿದದ್ದೆಷ್ಟು ಎಂದು ಅಳೆದು ವಯಸ್ಸು ಹೇಳುವುದೇ ಇಂಗಾಲ ಪರೀಕ್ಷೆ. 1988ರ ಏಪ್ರಿಲ್ 21ರಂದು ಟ್ಯೂರಿನ್‌ನಲ್ಲಿ, ಬಟ್ಟೆ ತಜ್ಞರ ಎದುರಿನಲ್ಲೇ, ಒಂದು ಮೂಲೆಯಿಂದ ಸುಮಾರು 10 ಮಿಲಿಮೀಟರ್ ಅಗಲ, 70 ಮಿಲಿಮೀಟರ್ ಉದ್ದದ ಪಟ್ಟಿ ಕತ್ತರಿಸಲಾಯಿತು. ತೇಪೆಗಳಿಂದಲೂ ಸುಟ್ಟ ಗುರುತುಗಳಿಂದಲೂ ದೂರವಿದ್ದ ಜಾಗ ಅದು. 1973ರಲ್ಲಿ ಅಧ್ಯಯನಕ್ಕೆಂದು ಚೂರು ತೆಗೆದಿದ್ದ ಜಾಗ ಪಕ್ಕದಲ್ಲೇ ಇತ್ತು. ಪಟ್ಟಿಯಿಂದ ತಲಾ ಸುಮಾರು 50 ಮಿಲಿಗ್ರಾಂ ತೂಕದ ಮೂರು ಪಾಲು ಮಾಡಿ ಆಕ್ಸ್‌ಫರ್ಡ್, ಜ್ಯೂರಿಕ್ ಮತ್ತು ಅಮೆರಿಕದ ಅರಿಜೋನಾದ ಪ್ರಯೋಗಾಲಯಗಳಿಗೆ ಕೊಟ್ಟರು. ಬ್ರಿಟಿಷ್ ಮ್ಯೂಸಿಯಂ ಮೇಲ್ವಿಚಾರಣೆ ವಹಿಸಿತ್ತು.

ಜೊತೆಗೆ ಹೋಲಿಕೆಗಾಗಿ, ಕಾಲ ಮೊದಲೇ ತಿಳಿದಿದ್ದ ಮೂರು ಮಾದರಿಗಳನ್ನೂ ಕೊಟ್ಟರು. ಮೊದಲನೆಯದು ನುಬಿಯಾದ ಕಸ್ರ್ ಇಬ್ರಿಮ್ ಸಮಾಧಿಯ ನಾರುಬಟ್ಟೆ, ಹನ್ನೊಂದು ಹನ್ನೆರಡನೇ ಶತಮಾನದ್ದು. ಎರಡನೆಯದು ಈಜಿಪ್ಟಿನ ಥೀಬ್ಸ್‌ನಲ್ಲಿ ಸಿಕ್ಕ ಮಮ್ಮಿಯೊಂದರ ಬಟ್ಟೆ, ಯೇಸುವಿನ ಕಾಲದ ಆಸುಪಾಸಿನದು. ಮೂರನೆಯದು ಫ್ರಾನ್ಸಿನಲ್ಲಿರುವ ಸಂತ ಲೂಯಿ ದಾಂಜೂ ಅವರ ನಿಲುವಂಗಿಯ ಎಳೆಗಳು, 1290ರಿಂದ 1310ರ ನಡುವಿನವು.

ಈ ಕ್ರಮದಲ್ಲಿ ಕೊರತೆಗಳಿದ್ದವು, ಅವನ್ನು ಮುಚ್ಚಿಡಬೇಕಿಲ್ಲ. 1986ರಲ್ಲಿ ಯೋಚಿಸಿದ್ದಂತೆ ಏಳು ಪ್ರಯೋಗಾಲಯಗಳು ಪರೀಕ್ಷೆ ಮಾಡಬೇಕಿತ್ತು, ಮೂರಕ್ಕೆ ಇಳಿಸಲಾಯಿತು. ತುಣುಕನ್ನು ಒಂದೇ ಮೂಲೆಯಿಂದ ತೆಗೆಯಲಾಯಿತು. ಯಾವ ಡಬ್ಬಿಯಲ್ಲಿ ಯಾವ ತುಣುಕಿದೆ ಎಂದು ಪ್ರಯೋಗಾಲಯಗಳಿಗೆ ಹೇಳಿರಲಿಲ್ಲವಾದರೂ, ಬಟ್ಟೆಯ ನೇಯ್ಗೆ ಅಪರೂಪದ್ದಾದ್ದರಿಂದ ಕಣ್ಣಲ್ಲೇ ಗುರುತು ಹಿಡಿಯಬಹುದಿತ್ತು. ಮುಂದೆ ಎದ್ದ ತಕರಾರುಗಳಲ್ಲಿ ಅರ್ಧಕ್ಕರ್ಧ ಈ ಮೂರು ಸಂಗತಿಗಳಿಂದಲೇ ಹುಟ್ಟಿದವು.

ಫಲಿತಾಂಶದ ಅಂಕಿಗಳೇನು?

ಅರಿಜೋನಾ 646, ಜ್ಯೂರಿಕ್ 676, ಆಕ್ಸ್‌ಫರ್ಡ್ 750. ಇವು 1950ರಿಂದ ಹಿಂದಕ್ಕೆ ಎಣಿಸಿದ ಇಂಗಾಲ ವರ್ಷಗಳು. ತಪ್ಪಿನ ಅಂಚು ಕ್ರಮವಾಗಿ 31, 24 ಮತ್ತು 30. ಇಂಗಾಲ ವರ್ಷವನ್ನು ನೇರವಾಗಿ ಕ್ಯಾಲೆಂಡರ್ ವರ್ಷ ಎಂದುಕೊಳ್ಳುವಂತಿಲ್ಲ. ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಕಾಲಕಾಲಕ್ಕೆ ಏರಿಳಿದಿರುವುದರಿಂದ ಮರಗಳ ವಾರ್ಷಿಕ ಉಂಗುರಗಳ ದಾಖಲೆಗೆ ಹೋಲಿಸಿ ತಿದ್ದಬೇಕು. ತಿದ್ದಿದ ಮೇಲೆ ಬಂದ ಉತ್ತರ: ಕ್ರಿ.ಶ. 1260ರಿಂದ 1390, ಶೇಕಡಾ 95 ಭರವಸೆಯೊಂದಿಗೆ. 1988ರ ಅಕ್ಟೋಬರ್ 13ರಂದು ಇದನ್ನು ಪ್ರಕಟಿಸಿದರು. 1989ರ ಫೆಬ್ರವರಿಯಲ್ಲಿ ವಿವರವಾದ ವರದಿ ನೇಚರ್ ಪತ್ರಿಕೆಯಲ್ಲಿ ಬಂತು.

ಹೋಲಿಕೆ ಮಾದರಿಗಳ ಅಂಕಿಗಳನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ತೂಕ ಇರುವುದು ಅಲ್ಲೇ. ಮಮ್ಮಿಯ ಬಟ್ಟೆಗೆ ಮೂರು ಪ್ರಯೋಗಾಲಯಗಳು ಕೊಟ್ಟ ಅಂಕಿಗಳು 1995, 1980, 1940. ಅಂದರೆ ಅದೇ ಯಂತ್ರಗಳು, ಅದೇ ಕೈಗಳು, ಯೇಸುವಿನ ಕಾಲದ ಹತ್ತಿರದ ನಾರುಬಟ್ಟೆಯನ್ನು ಅದೇ ಕಾಲದ್ದೆಂದು ಸರಿಯಾಗಿ ಗುರುತಿಸಿದವು. ನಿಲುವಂಗಿಯ ಎಳೆಗಳಿಗೆ ಬಂದದ್ದು 722, 755, 685. ಟ್ಯೂರಿನ್ ತುಣುಕಿನ ಅಂಕಿಗಳು ಇದರ ಪಕ್ಕ ಕೂರುತ್ತವೆ, ಮಮ್ಮಿಯ ಪಕ್ಕ ಅಲ್ಲ.

ಅಂದಹಾಗೆ, ಹಳ್ಳೂರು, ತೆಕ್ಕಲಕೋಟೆಗಳಂಥ ನಮ್ಮ ನವಶಿಲಾಯುಗದ ನೆಲೆಗಳ ಕಾಲ ನಿರ್ಣಯಕ್ಕೆ ಬಳಸಿದ್ದೂ ಇಂಗಾಲ-14ರ ವಿಧಾನವನ್ನೇ.

ಶತಮಾನಗಳ ಮೇಣ, ಕೈಬೆವರು, ಹೊಗೆ ಎಲ್ಲ ಅಂಟಿದ ಬಟ್ಟೆ. ತೊಳೆಯದೆ ಅಳೆದರೇ?

ಇಲ್ಲ, ತೊಳೆದೇ ಅಳೆದರು. ಆಕ್ಸ್‌ಫರ್ಡ್‌ನವರು ಮೊದಲು ನಿರ್ವಾತ ನಳಿಕೆಯಿಂದ ಧೂಳು ಹೀರಿ, ಬಳಿಕ 40 ಡಿಗ್ರಿ ಸೆಲ್ಸಿಯಸ್ ಪೆಟ್ರೋಲಿಯಂ ಈಥರ್‌ನಲ್ಲಿ ಒಂದು ಗಂಟೆ ಇಟ್ಟರು. ಜಿಡ್ಡು, ಮೇಣದಬತ್ತಿಯ ಮೇಣ ಬಿಡುವುದು ಅದರಲ್ಲೇ. ಜ್ಯೂರಿಕ್‌ನವರ ಕ್ರಮ ಇನ್ನೂ ಚೊಕ್ಕವಾಗಿತ್ತು. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ತುಣುಕನ್ನು ಎರಡು ಭಾಗ ಮಾಡಿದರು. ಮೊದಲ ಭಾಗವನ್ನು ಮತ್ತೆ ಮೂರು ಪಾಲು ಮಾಡಿ, ಒಂದನ್ನು ಹಾಗೆಯೇ ಬಿಟ್ಟರು. ಇನ್ನೊಂದನ್ನು ಶೇಕಡಾ 0.5ರ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಶೇಕಡಾ 0.25ರ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಮೃದುವಾಗಿ ತೊಳೆದರು. ಮೂರನೆಯದಕ್ಕೆ ಶೇಕಡಾ 5ರ ಆಮ್ಲವನ್ನು 80 ಡಿಗ್ರಿ ಬಿಸಿಯಲ್ಲಿ, ನಂತರ ಶೇಕಡಾ 2.5ರ ಕ್ಷಾರವನ್ನು ಬಳಸಿದರು. ಈ ಅಳತೆ ಮುಗಿಯುವವರೆಗೆ ಎರಡನೇ ಭಾಗವನ್ನು ಮುಟ್ಟಲಿಲ್ಲ.

ಹೀಗೆ ಮಾಡುವುದರ ಉದ್ದೇಶ ಸರಳ. ಹೊರಗಿನ ಕೊಳೆಯೇ ಅಂಕಿಯನ್ನು ಕೆಡಿಸುತ್ತಿದ್ದರೆ, ಕಡಿಮೆ ತೊಳೆದ ಪಾಲು ಒಂದು ವಯಸ್ಸು ತೋರಿಸಬೇಕು, ಗಟ್ಟಿಯಾಗಿ ತೊಳೆದ ಪಾಲು ಇನ್ನೊಂದನ್ನು. ಅಂಥ ವ್ಯತ್ಯಾಸ ಕಾಣಲಿಲ್ಲ.

ತೊಳೆದರೂ ಹೋಗದ ಕೊಳೆ ಉಳಿದಿದ್ದರೆ? ಎಷ್ಟು ಉಳಿದರೆ ಲೆಕ್ಕ ತಪ್ಪುತ್ತದೆ?

ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಇಂಗಾಲ-14ರ ಇಂದಿನ ಆಧಾರ ಪ್ರಮಾಣ 100 ಎಂದಿಟ್ಟುಕೊಳ್ಳಿ. ಮೊದಲ ಶತಮಾನದ ನಾರಿನಲ್ಲಿ ಸುಮಾರು 78.2 ಉಳಿದಿರಬೇಕು. ಟ್ಯೂರಿನ್ ತುಣುಕಿನಲ್ಲಿ ಕಂಡದ್ದು ಸುಮಾರು 91.8. ನಡುವಿನ ಅಂತರ 13.6. ಈ ಅಂತರವನ್ನು ಆಧುನಿಕ ಇಂಗಾಲ ತುಂಬಬೇಕಾದರೆ 13.6ನ್ನು 21.8ರಿಂದ (100ರಲ್ಲಿ 78.2 ಕಳೆದರೆ ಬರುವುದು) ಭಾಗಿಸಿ: 0.62 ಬರುತ್ತದೆ. ಅಂದರೆ ಅಳೆದ ಇಂಗಾಲದಲ್ಲಿ ಶೇಕಡಾ 62ರಷ್ಟು ಹೊರಗಿನದೇ ಆಗಿರಬೇಕು. ಕೊಳೆ ಹದಿನಾರನೇ ಶತಮಾನದ್ದಾದರೆ ಅದರ ಪ್ರಮಾಣ ಸುಮಾರು 96. ಆಗ ಬೇಕಾಗುವುದು ಶೇಕಡಾ 76.

ಬಟ್ಟೆಗಿಂತ ಕೊಳೆಯೇ ಹೆಚ್ಚಿರಬೇಕು ಎಂದಾಯಿತು, ಅದೂ ಆಮ್ಲ, ಕ್ಷಾರ, ಈಥರ್ ದಾಟಿ ಉಳಿದ ಕೊಳೆ. ಸೂಕ್ಷ್ಮದರ್ಶಕದಲ್ಲಿ ಅಷ್ಟು ದಪ್ಪದ ಲೇಪ ಯಾರಿಗೂ ಕಂಡಿಲ್ಲ. ಸೂಕ್ಷ್ಮಜೀವಿಗಳ ಪೊರೆ ಬೆಳೆದಿತ್ತು ಎಂಬ ವಾದ ಸೋಲುವುದೂ ಇದೇ ಲೆಕ್ಕದ ಎದುರು. ಇನ್ನೊಂದು ಮಾತು: ಪೆಟ್ರೋಲಿಯಂನಿಂದ ಬಂದ ಮೇಣದಲ್ಲಿ ಇಂಗಾಲ-14 ಇರುವುದೇ ಇಲ್ಲ. ಅದು ಅಂಟಿದ್ದರೆ ಬಟ್ಟೆ ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ, ಹೊಸದಾಗಿ ಅಲ್ಲ.

1532ರ ಬೆಂಕಿ ಇಂಗಾಲದ ಪ್ರಮಾಣವನ್ನು ಬದಲಿಸಿರಬಹುದಲ್ಲವೇ?

ಶಾಂಬೇರಿಯ ಪ್ರಾರ್ಥನಾಲಯಕ್ಕೆ 1532ರಲ್ಲಿ ಬೆಂಕಿ ಬಿದ್ದಾಗ ಬೆಳ್ಳಿಯ ಪೆಟ್ಟಿಗೆ ಕರಗಿ, ಮಡಿಸಿಟ್ಟ ಬಟ್ಟೆಯಲ್ಲಿ ಸಾಲುಸಾಲಾಗಿ ತೂತುಗಳಾದವು. 1534ರಲ್ಲಿ ಕ್ಲಾರಾ ಸಭೆಯ ಸನ್ಯಾಸಿನಿಯರು ತೇಪೆ ಹಾಕಿದರು. ಆ ಬಿಸಿಯಲ್ಲಿ ಹೊಗೆಯ ಇಂಗಾಲ ನಾರಿನೊಳಗೆ ಸೇರಿಕೊಂಡಿತು ಎಂದು ರಷ್ಯಾದ ದಿಮಿತ್ರಿ ಕುಜ್ನೆತ್ಸೋವ್ 1990ರ ದಶಕದಲ್ಲಿ ಹೇಳಿದರು. ಅರಿಜೋನಾದವರು ಅದೇ ಪ್ರಯೋಗ ಮಾಡಿ ನೋಡಿದಾಗ ಅಂಥ ಪರಿಣಾಮ ಬರಲಿಲ್ಲ. 1996ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ಇಂಗಾಲದ ಮಾನಾಕ್ಸೈಡ್ ಅಂಟಿರಬಹುದು ಎಂಬ ಸಲಹೆ ಬಂತು. ಆಕ್ಸ್‌ಫರ್ಡ್ ಅದನ್ನೂ 2008ರಲ್ಲಿ ಪರೀಕ್ಷಿಸಿತು, ಲೆಕ್ಕ ಕೆಡಿಸುವಷ್ಟು ಏನೂ ಕಾಣಲಿಲ್ಲ. ಬಟ್ಟೆ ಸುಟ್ಟು ಕಪ್ಪಾದರೂ ಅದರಲ್ಲಿ ಉಳಿದ ಇಂಗಾಲ ಮೂಲ ಗಿಡದ್ದೇ. ಪುರಾತತ್ವದವರು ಒಲೆಯ ಇದ್ದಿಲನ್ನು ನಂಬಿ ಕಾಲ ಹೇಳುವುದು ಈ ಕಾರಣಕ್ಕೇ.

ಯೇಸು ಸತ್ತು ಮತ್ತೆ ಎದ್ದನೆಂಬ ಪುನರುತ್ಥಾನದ ಕ್ಷಣದಲ್ಲಿ ನ್ಯೂಟ್ರಾನ್ ಕಣಗಳು ಹೊಮ್ಮಿ ಇಂಗಾಲ-14 ಹೆಚ್ಚಿತು ಎಂಬ ವಾದವೂ ಇದೆ. ಬೇಕಾದ ಅಂಕಿ ಬರುವಂತೆ ನ್ಯೂಟ್ರಾನ್ ಪ್ರಮಾಣವನ್ನು ಹೊಂದಿಸಿಕೊಳ್ಳಬಹುದಾದ್ದರಿಂದ ಇದು ವಯಸ್ಸಿನ ಸಾಕ್ಷ್ಯವಾಗಲಾರದು. ಅದು ನಂಬಿಕೆಯ ಮಾತಾಗಿಯೇ ಉಳಿಯುವುದು ಒಳ್ಳೆಯದು.

ಕತ್ತರಿಸಿದ ಮೂಲೆ ನಂತರ ರಫು ಮಾಡಿದ ಭಾಗವಂತೆ, ನಿಜವೇ?

ಎಲ್ಲ ತಕರಾರುಗಳಲ್ಲಿ ಗಂಭೀರವಾದದ್ದು ಇದು. ಹೊಸ ಎಳೆಗಳನ್ನು ಕಾಣದಂತೆ ಹಳೆಯದರೊಳಗೆ ಹೆಣೆದಿದ್ದರೆ, ಮೇಲೆ ಹೇಳಿದ ಶೇಕಡಾ 76ರ ಲೆಕ್ಕವೂ ಸಾಧ್ಯವಾಗುತ್ತದೆ. ಸ್ಯೂ ಬೆನ್‌ಫರ್ಡ್ ಮತ್ತು ಜೋಸೆಫ್ ಮರಿನೊ 2000ದಲ್ಲಿ ಇದನ್ನು ಮುಂದಿಟ್ಟರು. 1978ರ ಅಮೆರಿಕದ ಅಧ್ಯಯನ ತಂಡದಲ್ಲಿದ್ದ ರಸಾಯನಶಾಸ್ತ್ರಜ್ಞ ರೇಮಂಡ್ ರೋಜರ್ಸ್, ಇದನ್ನು ಸುಳ್ಳೆಂದು ತೋರಿಸಲು ಹೊರಟು ಕೊನೆಗೆ ಬೆಂಬಲಕ್ಕೇ ನಿಂತರು. ಆ ಮೂಲೆಯ ಎಳೆಗಳಲ್ಲಿ ಹತ್ತಿಯೂ, ಬಣ್ಣ ಹಿಡಿದ ಅಂಟೂ ಇವೆ ಎಂದು 2005ರಲ್ಲಿ ಬರೆದರು. ನಾರಿಗೆ ಗಟ್ಟಿತನ ಕೊಡುವ ಲಿಗ್ನಿನ್‌ನಲ್ಲಿರುವ ವನಿಲಿನ್ ಎಂಬ ರಾಸಾಯನಿಕ ಕಾಲ ಕಳೆದಂತೆ ಇಲ್ಲವಾಗುತ್ತದೆ; ಬಟ್ಟೆಯ ಉಳಿದ ಭಾಗದಲ್ಲಿ ಅದು ಕಾಣುವುದಿಲ್ಲ, ಆದ್ದರಿಂದ ಬಟ್ಟೆಗೆ 1300ರಿಂದ 3000 ವರ್ಷ ಆಗಿರಬೇಕು ಎಂಬುದು ಅವರ ಅಂದಾಜು.

ವನಿಲಿನ್ ಲೆಕ್ಕದ ಕಷ್ಟ ಏನೆಂದರೆ ಅದು ಬಿಸಿಗೆ ತೀರಾ ಸೂಕ್ಷ್ಮ. ಬೆಳ್ಳಿ ಕರಗುವಷ್ಟು ಕಾವು ಕಂಡ ಬಟ್ಟೆಯಲ್ಲಿ ಅದನ್ನು ಗಡಿಯಾರವಾಗಿ ಬಳಸಲಾಗದು. ಇನ್ನು ರಫು ಮಾಡಿದ ಮಾತು. 2002ರಲ್ಲಿ ತೇಪೆಗಳನ್ನು ಬಿಚ್ಚಿ, ಹಿಂಬದಿಯನ್ನೂ ತೆರೆದು ದುರಸ್ತಿ ಮಾಡಿದವರು ಬಟ್ಟೆ ತಜ್ಞೆ ಮೆಕ್‌ಟಿಲ್ಡ್ ಫ್ಲೂರಿ-ಲೆಂಬರ್ಗ್. ಬಟ್ಟೆ ಹಳೆಯದೇ ಇರಬೇಕು ಎಂಬ ಕಡೆಗೆ ಒಲವಿದ್ದವರು ಅವರು. ಆದರೂ ಆ ಮೂಲೆಯಲ್ಲಿ ಹೆಣೆದ ಗುರುತಿಲ್ಲ ಎಂದು ಖಚಿತವಾಗಿ ಹೇಳಿದರು. ಎಷ್ಟೇ ನುರಿತ ರಫುಗಾರನ ಕೆಲಸವಾದರೂ ಬಟ್ಟೆಯ ಹಿಂಬದಿಯಲ್ಲಿ ಸಿಕ್ಕಿಬೀಳುತ್ತದೆ. ಅರಿಜೋನಾ ತನ್ನಲ್ಲಿ ಉಳಿಸಿಕೊಂಡಿದ್ದ ಚೂರನ್ನು 2010ರಲ್ಲಿ ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿತು. ಬಣ್ಣದ ಲೇಪವಾಗಲಿ ಬೆರಕೆಯಾಗಲಿ ಸಿಗಲಿಲ್ಲ. ಹತ್ತಿಯ ಅಲ್ಪಸ್ವಲ್ಪ ನಾರು ಮಾತ್ರ ಕಂಡಿತು.

ಮೂಲ ಅಂಕಿಗಳನ್ನು ಮುಚ್ಚಿಟ್ಟಿದ್ದರು ಎಂಬ ಸುದ್ದಿಯ ಹುರುಳೇನು?

ಮೂಲ ಅಂಕಿಗಳು ಪೂರ್ತಿಯಾಗಿ ಹೊರಬರಲು 2017ರವರೆಗೆ ಕಾಯಬೇಕಾಯಿತು. ಮಾಹಿತಿ ಹಕ್ಕಿನ ಅರ್ಜಿಯ ಮೇಲೆ ಬ್ರಿಟಿಷ್ ಮ್ಯೂಸಿಯಂ ಕೊಟ್ಟ ಕಡತಗಳನ್ನು ತ್ರಿಸ್ತಾನ್ ಕಸಾಬಿಯಾಂಕಾ ಮತ್ತು ಸಂಗಡಿಗರು ಪರಿಶೀಲಿಸಿ, ಮೂರು ಪ್ರಯೋಗಾಲಯಗಳ ಅಂಕಿಗಳು ಪರಸ್ಪರ ಹೊಂದುವುದಿಲ್ಲ ಎಂದು 2019ರಲ್ಲಿ ತೋರಿಸಿದರು. ಅದು ನಿಜ. ಅಂಕಿಗಳನ್ನು ಮೊದಲೇ ಬಯಲಿಗಿಡಬೇಕಿತ್ತು ಎಂಬುದೂ ನಿಜ. ಅರಿಜೋನಾ ಮತ್ತು ಆಕ್ಸ್‌ಫರ್ಡ್ ನಡುವೆ 104 ವರ್ಷಗಳ ಅಂತರವಿದೆ, ತಪ್ಪಿನ ಅಂಚು ಅಷ್ಟನ್ನು ಹೊರಲಾರದು. 2020ರಲ್ಲಿ ವಾಲ್ಶ್ ಮತ್ತು ಶ್ವಾಲ್ಬೆ, ತೊಳೆಯುವ ಕ್ರಮದಲ್ಲಿನ ಭೇದದಿಂದ ಉಳಿದ ಅಲ್ಪ ಕೊಳೆ ಇದಕ್ಕೆ ಕಾರಣವಿರಬಹುದು ಎಂದರು.

ಇದರಿಂದ ಅಲುಗಾಡುವುದು ಏನು? 1260ರಿಂದ 1390 ಎಂಬ ಗಡಿಗಳ ನಿಖರತೆ. ನೂರು ವರ್ಷ ಆಚೀಚೆ ಎಂದು ಬೇಕಾದರೆ ವಾದಿಸಬಹುದು. ಮೂರರಲ್ಲಿ ಅತಿ ಹಳೆಯ ಅಂಕಿಯಾದ 750 ಕೂಡ ಹದಿಮೂರನೇ ಶತಮಾನಕ್ಕೇ ಕರೆದೊಯ್ಯುತ್ತದೆ. ಅಲ್ಲಿಂದ ಮೊದಲ ಶತಮಾನಕ್ಕೆ ಜಿಗಿಯಲು ಅಂಕಿಗಳ ಈ ಹೊಂದಿಕೆಯ ದೋಷ ಸಾಲದು.

ಎಕ್ಸ್-ರೇ ಮೂಲಕ ಎರಡು ಸಾವಿರ ವರ್ಷ ಹಳೆಯದೆಂದು ಸಾಬೀತಾಯಿತಂತೆ?

ಇಟಲಿಯ ಲಿಬೆರಾತೊ ದೆ ಕಾರೊ ಮತ್ತು ತಂಡ 2022ರಲ್ಲಿ ಪ್ರಕಟಿಸಿದ ಕೆಲಸ ಅದು. ನಾರಿನ ಮುಖ್ಯ ಪದಾರ್ಥವಾದ ಸೆಲ್ಯುಲೋಸ್ ಹಳೆಯದಾದಂತೆ ಅದರ ಹರಳು ಜೋಡಣೆ ಸಡಿಲವಾಗುತ್ತದೆ, ಅದನ್ನು ಎಕ್ಸ್-ರೇ ಚದುರಿಕೆಯಿಂದ ಅಳೆಯಬಹುದು ಎಂಬುದು ತತ್ವ. ಪರೀಕ್ಷಿಸಿದ್ದು ಸುಮಾರು ಅರ್ಧ ಮಿಲಿಮೀಟರ್‌ಗೆ ಒಂದು ಮಿಲಿಮೀಟರ್ ಅಳತೆಯ ಒಂದೇ ಚೂರು. ಇಸ್ರೇಲಿನ ಮಸಾದಾದಲ್ಲಿ ಸಿಕ್ಕ ಮೊದಲ ಶತಮಾನದ ಬಟ್ಟೆಗೆ ಅದು ಹೋಲುತ್ತದೆ ಎಂದರು.

ಆದರೆ ಲೇಖಕರೇ ಹಾಕಿದ ಷರತ್ತು ಸುದ್ದಿ ಶೀರ್ಷಿಕೆಗಳಲ್ಲಿ ಕಾಣೆಯಾಯಿತು. ಬಟ್ಟೆ ಯುರೋಪಿಗೆ ಬರುವ ಮೊದಲಿನ ಹದಿಮೂರು ಶತಮಾನ 20ರಿಂದ 22.5 ಡಿಗ್ರಿ ಸೆಲ್ಸಿಯಸ್, ಶೇಕಡಾ 55ರಿಂದ 75 ತೇವದಲ್ಲೇ ಇದ್ದಿದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಆ ಹದಿಮೂರು ಶತಮಾನಗಳ ಬಗ್ಗೆ ಯಾವ ದಾಖಲೆಯೂ ಇಲ್ಲ. ಬಿಸಿ ಮತ್ತು ತೇವ ನಾರನ್ನು ಬೇಗ ಮುದಿಯಾಗಿಸುತ್ತವೆ. ಇಂಗಾಲ-14ರ ಕ್ಷಯಕ್ಕೆ ಅವೆರಡರ ಪರಿವೆಯೇ ಇಲ್ಲ, ಅದರ ಅರ್ಧಾಯು 5730 ವರ್ಷ ಎಲ್ಲಿಟ್ಟರೂ ಅಷ್ಟೇ. ಎರಡು ಗಡಿಯಾರಗಳು ಬೇರೆ ಬೇರೆ ಸಮಯ ತೋರಿಸಿದಾಗ ಯಾವುದನ್ನು ನಂಬಬೇಕು ಎಂಬುದಕ್ಕೆ ಇದೇ ಉತ್ತರ.

ರೂಪ ಬಣ್ಣದಲ್ಲಿ ಬರೆದದ್ದೇ?

ಮಾಮೂಲಿ ಚಿತ್ರದಂತೆ ಬರೆದದ್ದಲ್ಲ. 1978ರ ಅಕ್ಟೋಬರ್‌ನಲ್ಲಿ ಅಮೆರಿಕದ ವಿಜ್ಞಾನಿಗಳ ತಂಡಕ್ಕೆ ಬಟ್ಟೆಯ ಬಳಿ 120 ಗಂಟೆ ಸಿಕ್ಕಿತು. ಎಕ್ಸ್-ರೇ ಪ್ರತಿದೀಪ್ತಿ, ಅತಿನೇರಳೆ, ಅವಕೆಂಪು ಪರೀಕ್ಷೆಗಳನ್ನು ಮಾಡಿದರು, ಅಂಟುಪಟ್ಟಿಗಳಿಂದ ಮೇಲ್ಮೈಯ ನಾರು ಎತ್ತಿಕೊಂಡರು. ಎಕ್ಸ್-ರೇ ಚಿತ್ರದಲ್ಲಿ ಮುಖವಾಗಲಿ ದೇಹವಾಗಲಿ ಕಾಣಲೇ ಇಲ್ಲ. ಭಾರವಾದ ಬಣ್ಣದ ಪದರ ಇದ್ದಿದ್ದರೆ ಕಾಣಬೇಕಿತ್ತು. ರೂಪ ಇರುವ ಕಡೆ ಎಳೆಯ ಮೇಲ್ಭಾಗದ ಒಂದೆರಡು ಪದರ ನಾರುಗಳಷ್ಟೇ ಹಳದಿಯಾಗಿವೆ. ಆ ಬಣ್ಣವೂ ಒಂದೊಂದು ನಾರಿನ ಹೊರಪೊರೆಯಲ್ಲಿ, ಮಿಲಿಮೀಟರಿನ ಐದು ಸಾವಿರದ ಒಂದು ಭಾಗದಷ್ಟು ಆಳಕ್ಕೆ ಮಾತ್ರ. ಒಳಗೆ ನಾರು ಬೆಳ್ಳಗೇ ಇದೆ. ದ್ರವ ಬಣ್ಣ ಹಚ್ಚಿದ್ದರೆ ಎಳೆಗಳ ನಡುವೆ ಇಳಿದು ಹರಡುತ್ತಿತ್ತು. ಹಳದಿಗೆ ಕಾರಣ ಸೆಲ್ಯುಲೋಸ್‌ನ ಹೊರಪದರ ನೀರಿನಂಶ ಕಳೆದುಕೊಂಡು ಆಕ್ಸಿಡೀಕರಣವಾಗಿರುವುದು ಎಂಬುದು ತಂಡದ ತೀರ್ಮಾನ.

ಸೂಕ್ಷ್ಮದರ್ಶಕ ತಜ್ಞ ವಾಲ್ಟರ್ ಮೆಕ್ರೋನ್ ಅದೇ ಅಂಟುಪಟ್ಟಿಗಳನ್ನು ನೋಡಿ ಬೇರೆಯದನ್ನೇ ಹೇಳಿದರು: ರೂಪದ ಭಾಗದಲ್ಲಿ ಕೆಮ್ಮಣ್ಣಿನ ಕಣ, ರಕ್ತದ ಭಾಗದಲ್ಲಿ ಕೆಮ್ಮಣ್ಣಿನ ಜೊತೆ ಇಂಗಲೀಕ (ಪಾದರಸದಿಂದಾದ ಕೆಂಪು ಬಣ್ಣ), ಹಿಡಿಸಲು ಪ್ರಾಣಿಜನ್ಯ ಅಂಟು. ಕಣಗಳು ಇರುವುದು ಸುಳ್ಳಲ್ಲ. ಬಣ್ಣದಲ್ಲಿ ಬರೆದ ನಕಲುಗಳನ್ನು ಪಾವನಗೊಳಿಸಲು ಮೂಲ ಬಟ್ಟೆಗೆ ತಾಗಿಸುವ ಪದ್ಧತಿ ಇತ್ತು, ಕಣಗಳು ಹಾಗೂ ಬಂದಿರಬಹುದು. ಕಣ್ಣಿಗೆ ಕಾಣುವ ಹಳದಿಯನ್ನು ಪೂರ್ತಿ ವಿವರಿಸಲು ಆ ಕಣಗಳು ಸಾಲವು ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ರೂಪ ಮೂಡಿದ್ದು ಹೇಗೆ? ಯಾರಾದರೂ ಮತ್ತೆ ಮಾಡಿ ತೋರಿಸಿದ್ದಾರೆಯೇ?

ಹತ್ತಿರದವರೆಗೆ ಬಂದಿದ್ದಾರೆ. ಇಟಲಿಯ ರಸಾಯನಶಾಸ್ತ್ರಜ್ಞ ಲುಯಿಜಿ ಗಾರ್ಲಾಸ್ಕೆಲ್ಲಿ 2009ರಲ್ಲಿ ಅದೇ ಅಳತೆಯ ಬಟ್ಟೆಯನ್ನು ಮನುಷ್ಯನ ಮೇಲೆ ಹಾಸಿ, ಮುಖಕ್ಕೆ ಉಬ್ಬುಶಿಲ್ಪ ಬಳಸಿ, ತುಸು ಆಮ್ಲ ಬೆರೆಸಿದ ಕೆಮ್ಮಣ್ಣನ್ನು ಉಜ್ಜಿದರು. ಬಟ್ಟೆಯನ್ನು ಬಿಸಿ ಮಾಡಿ ಮುದಿಯಾಗಿಸಿ, ಬಣ್ಣವನ್ನು ತೊಳೆದರು. ಆಮ್ಲ ತಾಗಿದ ಕಡೆ ನಾರು ಹಳದಿಯಾಗಿ ಮಸುಕು ರೂಪ ಉಳಿಯಿತು. ದೂರದಿಂದ ನೋಡಿದರೆ ಹೋಲಿಕೆ ಚೆನ್ನಾಗಿದೆ. ನಾರಿನ ಮಟ್ಟದಲ್ಲಿ, ಛಾಯೆಯ ಏರಿಳಿತದಲ್ಲಿ ಮೂಲದಷ್ಟು ನಯ ಬಂದಿಲ್ಲ ಎಂಬುದು ವಿರೋಧಿಗಳ ವಾದ.

ಬಿಸಿ ಶಿಲ್ಪದ ಮೇಲೆ ಒತ್ತಿ ಸುಟ್ಟದ್ದು ಎಂಬ ಊಹೆಗೆ ತೊಡಕು ಅತಿನೇರಳೆ ಬೆಳಕಿನಲ್ಲಿದೆ. 1532ರ ಸುಟ್ಟ ಗುರುತುಗಳ ಅಂಚು ಆ ಬೆಳಕಿನಲ್ಲಿ ಕೆಂಪಾಗಿ ಹೊಳೆಯುತ್ತದೆ, ರೂಪ ಹೊಳೆಯುವುದಿಲ್ಲ. ಇಟಲಿಯ ಫ್ರಾಸ್ಕಾತಿಯಲ್ಲಿ ಅತಿನೇರಳೆ ಲೇಸರ್ ಮಿಡಿತಗಳಿಂದ ನಾರಿನ ಹೊರಪೊರೆಯನ್ನಷ್ಟೇ ಹಳದಿಯಾಗಿಸಿದ್ದಾರೆ. ಬಟ್ಟೆಯ ಸಣ್ಣ ಚೂರಿನ ಮೇಲೆ ನಡೆದ ಕೆಲಸ ಅದು. ಬೆಳಕಿನಿಂದ ಅಂಥ ಬಣ್ಣ ಸಾಧ್ಯ ಎಂದು ತೋರಿಸುತ್ತದೆ, ಹಾಗೆಯೇ ಆಯಿತು ಎಂದು ಅಲ್ಲ.

ಚಿತ್ರದಲ್ಲಿ ಮೂರು ಆಯಾಮದ ಮಾಹಿತಿ ಇದೆ ಎಂಬುದು?

1898ರಲ್ಲಿ ಸೆಕೊಂದೊ ಪಿಯಾ ತೆಗೆದ ಛಾಯಾಚಿತ್ರದ ನೆಗೆಟಿವ್‌ನಲ್ಲಿ ಮುಖ ಸಹಜವಾಗಿ ಕಂಡಿತು. ಬೆರಗು ಶುರುವಾದದ್ದು ಅಲ್ಲಿಂದ. 1976ರಲ್ಲಿ ವಿಪಿ-8 ಎಂಬ ಉಪಕರಣದಲ್ಲಿ ಬಣ್ಣದ ಗಾಢತೆಯನ್ನು ಎತ್ತರವಾಗಿ ಬದಲಿಸಿ ನೋಡಿದಾಗ ದೇಹದ ಉಬ್ಬುತಗ್ಗು ಮೂಡಿತು. ಇದರ ಅರ್ಥ, ಬಟ್ಟೆ ವಸ್ತುವಿಗೆ ಹತ್ತಿರ ಇದ್ದ ಕಡೆ ಬಣ್ಣ ಗಾಢವಾಗಿದೆ ಎಂದಷ್ಟೇ. ಆ ವಸ್ತು ಯಾವುದು? ನಿಜವಾದ ತಲೆಗೆ ಬಟ್ಟೆ ಸುತ್ತಿ ಬಿಡಿಸಿದರೆ ಕೆನ್ನೆ, ಕಿವಿಗಳು ಪಕ್ಕಕ್ಕೆ ಹರಡಿ ಮುಖ ವಿಪರೀತ ಅಗಲವಾಗುತ್ತದೆ. ಶವವಸ್ತ್ರದ ಮುಖ ಹಾಗಿಲ್ಲ. ಬ್ರೆಜಿಲ್‌ನ ಸಿಸೆರೊ ಮೊರಾಯೆಸ್ 2025ರಲ್ಲಿ ಕಂಪ್ಯೂಟರ್ ಮಾದರಿ ಮಾಡಿ, ರೂಪ ತೆಳು ಉಬ್ಬುಶಿಲ್ಪಕ್ಕೆ ಹೊಂದುತ್ತದೆಯೇ ಹೊರತು ಪೂರ್ಣ ದೇಹಕ್ಕಲ್ಲ ಎಂದು ತೋರಿಸಿದರು.

ಕಲೆಗಳು ನಿಜವಾದ ರಕ್ತವೇ?

1978ರ ತಂಡದ ಜಾನ್ ಹೆಲ್ಲರ್ ಮತ್ತು ಆಲನ್ ಆಡ್ಲರ್, ರಕ್ತದ ಕುರುಹುಗಳಾದ ಪಾರ್ಫಿರಿನ್, ಬಿಲಿರುಬಿನ್, ಪ್ರೋಟೀನ್ ಗುರುತಿಸಿ ಹೌದು ಎಂದರು. ಮೆಕ್ರೋನ್ ಇಲ್ಲ ಎಂದರು. ಕಲೆಯ ಅಡಿಯಲ್ಲಿ ರೂಪದ ಹಳದಿ ಇಲ್ಲ, ಅಂದರೆ ಕಲೆ ಮೊದಲು ಬಿತ್ತು, ರೂಪ ನಂತರ ಎಂಬುದು ಆಡ್ಲರ್ ಅವರ ಗಮನಾರ್ಹ ಗುರುತು. ರಕ್ತವಾದರೂ ಅದು ಯಾರದು, ಯಾವ ಕಾಲದ್ದು ಎಂದು ಅದರಿಂದ ತಿಳಿಯುವುದಿಲ್ಲ. ರಕ್ತದ ಗುಂಪು ಎಬಿ ಎಂಬ ಮಾತನ್ನು ಹಿಡಿದು ಮುಂದೆ ಹೋಗಬೇಡಿ. ಹಳೆಯ, ಸೂಕ್ಷ್ಮಜೀವಿ ತಗುಲಿದ ಬಟ್ಟೆಯಲ್ಲಿ ಆ ಪರೀಕ್ಷೆ ಸುಲಭವಾಗಿ ಎಬಿ ಎಂದೇ ತೋರಿಸುತ್ತದೆ. 2018ರಲ್ಲಿ ಮತ್ತೊ ಬೊರ್ರಿನಿ ಮತ್ತು ಗಾರ್ಲಾಸ್ಕೆಲ್ಲಿ ಜೀವಂತ ವ್ಯಕ್ತಿ ಮತ್ತು ಗೊಂಬೆಯ ಮೇಲೆ ರಕ್ತ ಹರಿಸಿ ನೋಡಿದರು. ಕೈ ಮೇಲಿನ ಹರಿವಿಗೆ ಒಂದು ಭಂಗಿ ಬೇಕು, ಮುಂದೋಳಿನದಕ್ಕೆ ಇನ್ನೊಂದು. ಸೊಂಟದ ಕಲೆ ಯಾವ ಭಂಗಿಗೂ ಹೊಂದಲಿಲ್ಲ.

ಪರಾಗ, ಕಣ್ಣಿನ ಮೇಲಿನ ನಾಣ್ಯ, ಡಿಎನ್‌ಎ? ಭಾರತದ ನಂಟೂ ಇದೆಯಂತೆ?

ರೂಪದ ಕಣ್ಣುಗಳ ಮೇಲೆ ಮೊದಲ ಶತಮಾನದ ನಾಣ್ಯದ ಗುರುತಿದೆ ಎನ್ನುವವರಿದ್ದಾರೆ. ಆ ನಾಣ್ಯದ ಅಕ್ಷರಗಳು ಹಳೆಯ ಫಿಲ್ಮಿನ ಕಣಗಳಲ್ಲಿ, ಒರಟು ನೇಯ್ಗೆಯಲ್ಲಿ ಕಂಡ ಭ್ರಮೆ. ಬಿಟ್ಟುಬಿಡಿ. ಪರಾಗದ ಕತೆ ಶುರುವಾದದ್ದು ಸ್ವಿಸ್ ತಜ್ಞ ಮ್ಯಾಕ್ಸ್ ಫ್ರೈ 1973 ಮತ್ತು 1978ರಲ್ಲಿ ಎತ್ತಿದ ಅಂಟುಪಟ್ಟಿಗಳಿಂದ. ಅವುಗಳಲ್ಲಿ ಪ್ಯಾಲೆಸ್ತೀನ್ ಕಡೆಯ ಗಿಡಗಳ ಪರಾಗವಿದೆ ಎಂದು ಅವರು ಹೇಳಿದರು. ಪರಾಗ ನೋಡಿ ಗಿಡದ ಕುಲ ಹೇಳಬಹುದು, ಜಾತಿಯನ್ನೇ ಹೇಳುವುದು ಬಹಳ ಸಲ ಆಗದು. ಅವರು ಜಾತಿಗಳನ್ನೇ ಪಟ್ಟಿ ಮಾಡಿದ್ದರು.

ಡಿಎನ್‌ಎ ಅಧ್ಯಯನ 2015ರದು, ಜಾನ್ನಿ ಬಾರ್ಕಾಚಿಯಾ ಮತ್ತು ತಂಡದ್ದು. ಬಟ್ಟೆಯಿಂದ ಹೀರಿದ ಧೂಳಿನಲ್ಲಿ ಹಲವು ಖಂಡಗಳ ಗಿಡಗಳ, ಹಲವು ಜನಸಮುದಾಯಗಳ ಡಿಎನ್‌ಎ ಸಿಕ್ಕಿತು. ಭಾರತ ಉಪಖಂಡದಲ್ಲಿ ಹೆಚ್ಚಾಗಿ ಕಾಣುವ ವಂಶಗುರುತೂ ಅದರಲ್ಲಿತ್ತು. ಬಟ್ಟೆ ಭಾರತದಲ್ಲಿ ನೇಯ್ದದ್ದಿರಬಹುದೇ ಎಂಬ ಊಹೆಯೂ ಬಂತು, ನಮ್ಮ ಕಡೆ ಸುದ್ದಿಯೂ ಆಯಿತು. ಶತಮಾನಗಳ ಕಾಲ ತೆರೆದಿಟ್ಟು ಜನ ಮುಟ್ಟಿ ಮುತ್ತಿಟ್ಟ ಬಟ್ಟೆ ಇದು. ಧೂಳು ಯಾರು ಬಂದು ಹೋದರು ಎಂಬುದನ್ನು ಹೇಳುತ್ತದೆ, ನೇಕಾರ ಯಾರು ಎಂಬುದನ್ನಲ್ಲ.

ನೇಯ್ಗೆ ಏನು ಹೇಳುತ್ತದೆ?

ಮೀನಿನ ಮುಳ್ಳಿನ ವಿನ್ಯಾಸದ, ಮೂರಕ್ಕೊಂದರ ಓರೆ ನೇಯ್ಗೆ. ನಾರುಬಟ್ಟೆಯಲ್ಲಿ ಇದು ಯಾವ ಕಾಲದಲ್ಲೂ ಅಪರೂಪ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಹದಿನಾಲ್ಕನೇ ಶತಮಾನದ ಅಚ್ಚೊತ್ತಿದ ತುಣುಕು ಇದಕ್ಕೆ ಹೋಲುತ್ತದೆ. ಜೆರುಸಲೇಮಿನ ಅಕೆಲ್ದಾಮಾ ಗುಹೆಯಲ್ಲಿ 2000ದಲ್ಲಿ ಸಿಕ್ಕ ಮೊದಲ ಶತಮಾನದ ಶವವಸ್ತ್ರದ ಚೂರುಗಳು ಸರಳ ನೇಯ್ಗೆಯವು. ಆದರೆ ಅಂಚಿನ ಹೊಲಿಗೆ ಮಸಾದಾದ ಬಟ್ಟೆಗೆ ಹೋಲುತ್ತದೆ ಎಂದು ಫ್ಲೂರಿ-ಲೆಂಬರ್ಗ್ ತೋರಿಸಿದ್ದಾರೆ. ನೇಯ್ಗೆಯೊಂದರಿಂದ ತೀರ್ಪು ಕೊಡುವಂತಿಲ್ಲ.

ಮತ್ತೆ ಪರೀಕ್ಷಿಸಬಾರದೇಕೆ? ಹೇಗೆ ಮಾಡಬೇಕು?

ಮಾಡಲೇಬೇಕು ಎಂಬುದು ನಮ್ಮ ಆಸೆ. ಅನುಮತಿ ಕೊಡಬೇಕಾದವರು ಪೋಪ್. ಇಂದಿನ ಯಂತ್ರಕ್ಕೆ ಒಂದು ಮಿಲಿಗ್ರಾಂ ಇಂಗಾಲ ಧಾರಾಳ. ಸೆಲ್ಯುಲೋಸ್‌ನಲ್ಲಿ ಇಂಗಾಲ ಶೇಕಡಾ 44ರಷ್ಟು; ತೊಳೆಯುವಾಗ ಆಗುವ ನಷ್ಟ ಸೇರಿಸಿದರೂ ಒಂದು ಅಳತೆಗೆ ಹತ್ತು ಮಿಲಿಗ್ರಾಂ ಬಟ್ಟೆ ಸಾಕು, ಅಂದರೆ ಅರ್ಧ ಚದರ ಸೆಂಟಿಮೀಟರ್‌ಗೂ ಕಡಿಮೆ. ಅದನ್ನೂ ಕತ್ತರಿಸಬೇಕಾಗಿಲ್ಲ. 2002ರಲ್ಲಿ ತೇಪೆಗಳಡಿಯಿಂದ ತೆಗೆದ ಸುಟ್ಟ ಚೂರುಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದಾರೆ. ಬಟ್ಟೆಯ ಬೇರೆ ಬೇರೆ ಕಡೆಯವು ಅವು.

ಕ್ರಮ ಹೀಗಿರಬೇಕು. ಕನಿಷ್ಠ ಮೂರ್ನಾಲ್ಕು ದೂರದೂರದ ಜಾಗಗಳ ಚೂರು ಆರಿಸಬೇಕು. ಅಳತೆಗಾಗಿ ಚೂರನ್ನು ಸುಡಬೇಕಾಗುತ್ತದೆ; ಅದಕ್ಕೆ ಮೊದಲು ಪ್ರತಿಯೊಂದರ ಸೂಕ್ಷ್ಮದರ್ಶಕ ಚಿತ್ರ, ಅವಕೆಂಪು ರೋಹಿತ ತೆಗೆದು ಹತ್ತಿ, ಅಂಟು, ಬಣ್ಣ ಇದೆಯೇ ಎಂದು ದಾಖಲಿಸಬೇಕು. ಎಲ್ಲ ಪ್ರಯೋಗಾಲಯಗಳೂ ಒಂದೇ ರೀತಿ ತೊಳೆಯಬೇಕು, 1988ರ ಗೊಂದಲಕ್ಕೆ ದಾರಿ ಮಾಡಿದ್ದು ಅದೇ. ನೇಯ್ಗೆ ಗೊತ್ತಾಗದಂತೆ ಬಿಡಿ ನಾರಾಗಿ ಬಿಡಿಸಿ, ಹೋಲಿಕೆ ಮಾದರಿಗಳ ಜೊತೆ ಬೆರೆಸಿ ಕೊಡಬೇಕು. ಕಚ್ಚಾ ಅಂಕಿಗಳನ್ನು ಫಲಿತಾಂಶದ ದಿನವೇ ಬಯಲಿಗಿಡಬೇಕು.

ಚರ್ಚಿನ ನಿಲುವೇನು?

ಬಟ್ಟೆ ಅಸಲಿ ಎಂದು ಕಥೋಲಿಕ ಚರ್ಚ್ ಅಧಿಕೃತವಾಗಿ ಹೇಳಿಲ್ಲ, ಅಲ್ಲ ಎಂದೂ ಹೇಳಿಲ್ಲ. ಇದು ವಿಶ್ವಾಸದ ವಿಷಯವಲ್ಲ, ತೀರ್ಮಾನಿಸುವ ಅಧಿಕಾರ ಚರ್ಚಿನದಲ್ಲ, ಸಂಶೋಧನೆಯನ್ನು ವಿಜ್ಞಾನಿಗಳಿಗೆ ಬಿಟ್ಟಿದ್ದೇವೆ ಎಂದು ಪೋಪ್ ಎರಡನೇ ಜಾನ್ ಪಾಲ್ 1998ರಲ್ಲಿ ಟ್ಯೂರಿನ್‌ನಲ್ಲೇ ಹೇಳಿದರು. ಪೋಪ್ ಫ್ರಾನ್ಸಿಸ್ ಅದನ್ನು ಪ್ರತಿಮಾ ಚಿತ್ರ ಎಂದೇ ಕರೆದರು. ಯೇಸುವಿನ ಯಾತನೆಯನ್ನು ಧ್ಯಾನಿಸಲು ಆ ಮುಖದ ಮುಂದೆ ನಿಲ್ಲುವ ಭಕ್ತರಿಗೆ ಬಟ್ಟೆ ಹದಿನಾಲ್ಕನೇ ಶತಮಾನದ್ದಾದರೂ ಅಡ್ಡಿಯಿಲ್ಲ.

ಹೋಗಿ ನೋಡಬಹುದೇ?

ಸಾಮಾನ್ಯ ದಿನಗಳಲ್ಲಿ ಬಟ್ಟೆ ಕಾಣುವುದಿಲ್ಲ. ಪ್ರಧಾನಾಲಯದ ಒಳಗೇ ಒಂದು ಬದಿಯ ಪ್ರಾರ್ಥನಾ ಕೋಣೆಯಲ್ಲಿ, ಆರ್ಗಾನ್ ಅನಿಲ ತುಂಬಿದ ಮುಚ್ಚಿದ ಪೆಟ್ಟಿಗೆಯಲ್ಲಿ, ಮಡಿಸದೆ ಚಪ್ಪಟೆಯಾಗಿ ಇಟ್ಟಿದ್ದಾರೆ. ಸಾರ್ವಜನಿಕ ಪ್ರದರ್ಶನ 1998, 2000, 2010 ಮತ್ತು 2015ರಲ್ಲಿ ನಡೆಯಿತು. ಬೇರೆ ಸಮಯದಲ್ಲಿ ಟ್ಯೂರಿನ್‌ಗೆ ಹೋದವರು ಅಲ್ಲಿನ ಶವವಸ್ತ್ರ ವಸ್ತುಸಂಗ್ರಹಾಲಯದಲ್ಲಿ ಪೂರ್ಣ ಗಾತ್ರದ ಪ್ರತಿಯನ್ನು ನೋಡಬಹುದು.